ಕಡಸು ಸಣ್ಣ ಸ್ಟಿಯರ್ ಅಲ್ಲ: ಫೀಡ್‌ಲಾಟಿನಲ್ಲಿ ಮೇವು, ಬೆದೆ ಮತ್ತು ಕೊಬ್ಬಿನ ಲೆಕ್ಕ

ಟೆಕ್ಸಸ್ಸಿನ ಹೆರೆಫರ್ಡ್, ಕಾನ್ಸಸ್ಸಿನ ಡಾಡ್ಜ್ ಸಿಟಿ ಮತ್ತು ಗಾರ್ಡನ್ ಸಿಟಿ, ಅಲ್ಲಿಂದ ಉತ್ತರಕ್ಕೆ ಹೋದರೆ ನೆಬ್ರಾಸ್ಕ. ಅಮೆರಿಕದ ಈ ನಡುಬಯಲಿನ ದೊಡ್ಡ ಫೀಡ್‌ಲಾಟುಗಳಲ್ಲಿ ಹತ್ತು ಸಾವಿರ, ಐವತ್ತು ಸಾವಿರ ದನಗಳನ್ನು ಬಯಲು ದೊಡ್ಡಿಗಳಲ್ಲಿ ಕೂಡಿ, ಐದಾರು ತಿಂಗಳು ಕಾಳು ತಿನ್ನಿಸಿ ಮಾಂಸಕ್ಕೆ ತಯಾರು ಮಾಡುತ್ತಾರೆ. ಅವುಗಳಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಕಡಸುಗಳು. ಉಳಿದವು ಬೀಜ ಒಡೆದ ಗಂಡುಗಳು. ಅವನ್ನು ಇಲ್ಲಿ ಸ್ಟಿಯರ್ ಎಂದೇ ಕರೆಯೋಣ. ಎತ್ತು ಎಂದರೆ ನಮಗೆ ನೊಗ, ನೇಗಿಲು ಕಣ್ಣಿಗೆ ಬರುತ್ತವೆ. ಇದು ಆ ಎತ್ತಲ್ಲ.

ಫೀಡ್‌ಲಾಟಿನ ಪಾಠಗಳಲ್ಲಿ ಬರುವ ಲೆಕ್ಕ ಬಹುಪಾಲು ಸ್ಟಿಯರ್‌ನದೇ. ಕಡಸಿಗೆ ಅದರಲ್ಲೇ ಶೇಕಡಾ ಹತ್ತು ಕಳೆದುಕೊಂಡರೆ ಸಾಕು ಎಂದುಕೊಂಡವರು ಬಹಳ ಜನ. ಅಷ್ಟಕ್ಕೇ ಕೆಲಸ ಮುಗಿಯುವುದಿಲ್ಲ. ಕಡಸಿಗೆ 21 ದಿನಕ್ಕೊಮ್ಮೆ ಬೆದೆ ಬರುತ್ತದೆ. ಅದು ಗಬ್ಬವಾಗಿಯೇ ಲಾರಿಯಿಂದ ಇಳಿದಿರಬಹುದು. ಅದಕ್ಕೆ ಕೊಬ್ಬು ಬೇಗ ಕಟ್ಟುತ್ತದೆ. ಮೇವಿನ ಪಟ್ಟಿಯಿಂದ ಹಿಡಿದು ಲಾರಿ ಹತ್ತಿಸುವ ದಿನದವರೆಗೆ ಇಲ್ಲಿನ ತೀರ್ಮಾನಗಳೆಲ್ಲ ಈ ಮೂರನ್ನು ಸುತ್ತಿಕೊಂಡೇ ಇರುತ್ತವೆ.

ಕರ್ನಾಟಕದಲ್ಲಿ ಈ ಉದ್ಯಮ ಇಲ್ಲ. 2020ರ ಗೋಹತ್ಯೆ ನಿಷೇಧ ಕಾನೂನು ಇರುವಾಗ ಅದು ಇಲ್ಲಿಗೆ ಬರುವಂತೆಯೂ ಇಲ್ಲ. ಆದರೆ ಮೆಲುಕು ಹಾಕುವ ಹೊಟ್ಟೆ ಎಲ್ಲ ಊರಲ್ಲೂ ಒಂದೇ. ಮದುವೆಮನೆಯಲ್ಲಿ ಉಳಿದ ಅನ್ನವನ್ನು ಬಕೆಟ್‌ಗಟ್ಟಲೆ ಹಸುವಿನ ಮುಂದೆ ಸುರಿದು, ಮರುದಿನ ಪಶುವೈದ್ಯರಿಗೆ ಫೋನ್ ಮಾಡುವವರು ನಮ್ಮಲ್ಲೂ ಇದ್ದಾರೆ. ಹೀಗೆ ಪಿಷ್ಟ ಹೆಚ್ಚಾಗಿ ಹೊಟ್ಟೆ ಹುಳಿಯಾಗುವುದು ಫೀಡ್‌ಲಾಟಿನ ದೊಡ್ಡ ಕಾಯಿಲೆಗಳಲ್ಲೂ ಒಂದು. ಅಲ್ಲಿ ಅದನ್ನು ಗ್ರಾಂ ಲೆಕ್ಕದಲ್ಲಿ ತಡೆಯುತ್ತಾರೆ, ಅಷ್ಟೇ.

ಮೊದಲು ಕೊಬ್ಬಿನ ಮಾತು. ಒಂದೇ ಮಂದೆಯಲ್ಲಿ ಹುಟ್ಟಿದ ಗಂಡು ಮತ್ತು ಹೆಣ್ಣನ್ನು ಒಂದೇ ಮೇವಿನ ಮೇಲೆ ಬಿಟ್ಟರೆ, 12ನೇ ಪಕ್ಕೆಲುಬಿನ ಮೇಲೆ ಸುಮಾರು 1.3 ಸೆಂಟಿಮೀಟರ್ ಕೊಬ್ಬು ಕೂರುವ ಹೊತ್ತಿಗೆ ಸ್ಟಿಯರ್ 640ರಿಂದ 680 ಕಿಲೋ ತೂಗುತ್ತದೆ, ಕಡಸು 570ರಿಂದ 610 ಕಿಲೋ. ಮಾಂಸದ ನಡುವೆ ಕೊಬ್ಬಿನ ಎಳೆ ಹರಡಿ 'ಚಾಯ್ಸ್' ಎಂಬ ಅಮೆರಿಕದ ಮಾಂಸದ ದರ್ಜೆ ಮುಟ್ಟುವುದಕ್ಕೆ ಮೈಯಲ್ಲಿ ಸುಮಾರು ಶೇಕಡಾ 28ರಷ್ಟು ಕೊಬ್ಬು ಬೇಕು. ಕಡಸು ಆ ಗುರುತನ್ನು ಕಡಿಮೆ ತೂಕದಲ್ಲೇ ಮುಟ್ಟಿಬಿಡುತ್ತದೆ. ಅಲ್ಲಿಂದಾಚೆ ಹಾಕಿದ ಮೇವು ಬಹುಪಾಲು ಕೊಬ್ಬಾಗುತ್ತದೆ, ಮಾಂಸವಾಗುವುದು ಕಡಿಮೆ. ಮಾಂಸದಲ್ಲಿ ಮುಕ್ಕಾಲು ಪಾಲು ನೀರು. ಆದ್ದರಿಂದ ಒಂದು ಕಿಲೋ ಕೊಬ್ಬು ಕಟ್ಟಲು ಒಂದು ಕಿಲೋ ಮಾಂಸಕ್ಕಿಂತ ಎಷ್ಟೋ ಹೆಚ್ಚು ಕಾಳು ಬೇಕು. ಸ್ಟಿಯರ್ ದಿನಕ್ಕೆ 1.6 ಕಿಲೋ ಬೆಳೆಯುವ ಕಡೆ ಕಡಸು 1.4 ಕಿಲೋ ಆಸುಪಾಸು. 300 ಕಿಲೋಗೆ ಬಂದ ಕಡಸು 590ಕ್ಕೆ ಹೋಗಲು ಸುಮಾರು 200 ದಿನ. ಇವೆರಡನ್ನೂ ಒಂದೇ ದೊಡ್ಡಿಗೆ ಬಿಟ್ಟು ಒಂದೇ ದಿನ ಮಾರಿದರೆ ಒಂದೋ ಸ್ಟಿಯರ್ ಬಲಿತಿರುವುದಿಲ್ಲ, ಇಲ್ಲವೇ ಕಡಸು ಅತಿಕೊಬ್ಬಿ ದರ ಕಳೆದುಕೊಂಡಿರುತ್ತದೆ.

ಬಂದಿಳಿದ ದಿನದಿಂದ ನೋಡೋಣ. ನೂರಾರು ಮೈಲಿ ಲಾರಿಯಲ್ಲಿ ನಿಂತು ಬಂದ ಕರುವಿಗೆ ಮೊದಲು ಬೇಕಾದದ್ದು ನೀರು, ಉದ್ದನೆಯ ಒಣಹುಲ್ಲು, ಮಲಗಲು ಒಣ ಜಾಗ. ಲಾರಿಯಲ್ಲಿ ಎಷ್ಟು ಗಂಟೆ ನಿಂತಿತ್ತೋ ಕಡೇಪಕ್ಷ ಅಷ್ಟು ಗಂಟೆ ವಿಶ್ರಾಂತಿ ಕೊಟ್ಟು ಆಮೇಲೆ ಲಸಿಕೆ, ಜಂತಿನ ಔಷಧ, ಕಿವಿಯೋಲೆ. ಮೊದಲ ವಾರ ಅದು ತನ್ನ ತೂಕದ ಶೇಕಡಾ 1ರಿಂದ 1.5ರಷ್ಟು ಮಾತ್ರ ಒಣ ಮೇವು ತಿನ್ನುತ್ತದೆ. 250 ಕಿಲೋ ಕಡಸಿಗೆ ಅದು ಬರೀ ಮೂರು ಕಿಲೋ. ತಿನ್ನುವುದೇ ಇಷ್ಟು ಕಡಿಮೆ ಇರುವಾಗ ಮೇವಿನಲ್ಲಿ ಸಾರ ಹೆಚ್ಚಿರಬೇಕು: ಪ್ರೋಟೀನು ಶೇಕಡಾ 14ರ ಹತ್ತಿರ, ನಾರಿನ ಮೇವು ಅರ್ಧಕ್ಕೆ ಸಮೀಪ. ತಿನ್ನುತ್ತಿಲ್ಲ ಎಂದು ಕಾಳು ಏರಿಸುವುದು ಇಲ್ಲಿನ ಮಾಮೂಲಿ ತಪ್ಪು. ಹಸಿದ ಹೊಟ್ಟೆಗೆ ಒಮ್ಮೆಲೇ ಪಿಷ್ಟ ಬಿದ್ದರೆ ಏನಾಗುತ್ತದೆ ಎಂಬುದಕ್ಕೆ ಆ ಮದುವೆಮನೆಯ ಅನ್ನವೇ ಸಾಕ್ಷಿ. ಮೊದಲ ತಿಂಗಳು ಗೋದಲಿಯಲ್ಲಿ ತಲೆಗೆ 30ರಿಂದ 45 ಸೆಂಟಿಮೀಟರ್ ಜಾಗ ಬಿಡಿ. ಕಾಳಿಗೆ ಒಗ್ಗಿದ ಮೇಲೆ 25 ಸಾಕು. ಜಾಗ ಕಡಿಮೆಯಾದರೆ ದಷ್ಟಪುಷ್ಟವಾದವು ತಿಂದು, ಅಂಜುಬುರುಕ ಕಡಸು ಹಿಂದೆ ನಿಲ್ಲುತ್ತದೆ. ಉಸಿರಾಟದ ಕಾಯಿಲೆ ಮೊದಲು ಹಿಡಿಯುವುದು ಅದನ್ನೇ. ಕಿವಿ ಜೋತಿದೆ, ಪಕ್ಕೆ ಒಳಗೆ ಹೋಗಿದೆ, ಮೇವು ಹಾಕಿದರೂ ಎದ್ದು ಬರಲಿಲ್ಲ ಎಂದರೆ ಹೊರಗೆ ತೆಗೆದು ಜ್ವರ ನೋಡಬೇಕು. 40 ಡಿಗ್ರಿ ದಾಟಿದ್ದರೆ ಚಿಕಿತ್ಸೆ ಅಂದೇ ಶುರುವಾಗಬೇಕು.

ಲಸಿಕೆ, ಚಿಕಿತ್ಸೆಗೆ ದನವನ್ನು ಒಂದೊಂದಾಗಿ ನಡೆಸುವ ಇಕ್ಕಟ್ಟಾದ ಓಣಿಗೆ ಹತ್ತಿಸುವಾಗ ಕೂಗಾಟ ಬೇಡ. ಕೊಲರಾಡೊ ಸ್ಟೇಟ್ ವಿಶ್ವವಿದ್ಯಾಲಯದ ಪ್ರಾಣಿವಿಜ್ಞಾನಿ ಟೆಂಪಲ್ ಗ್ರಾಂಡಿನ್ ದಶಕಗಳಿಂದ ಹೇಳುತ್ತಾ ಬಂದಿರುವುದು ಇದನ್ನೇ. ನೆರಳಿನ ಗೆರೆ, ತೂಗಾಡುವ ಸರಪಳಿ, ಬೇಲಿಯ ಮೇಲೆ ಬಿಟ್ಟ ಅಂಗಿ, ಇಷ್ಟು ಸಾಕು ದನ ನಿಲ್ಲುವುದಕ್ಕೆ. ಅದನ್ನು ತೆಗೆದರೆ ಕೋಲಿನ ಕೆಲಸ ಮುಕ್ಕಾಲು ಕಡಿಮೆಯಾಗುತ್ತದೆ.

ಗಬ್ಬದ ಪ್ರಶ್ನೆಗೆ ಬರೋಣ. ರಾಂಚ್ ಎನ್ನುವ ಹುಲ್ಲುಗಾವಲಿನಲ್ಲಿ ಹೋರಿಯ ಜೊತೆ ಬೆಳೆದ ಕಡಸು, ಬೇಲಿ ಹಾರಿ ಬಂದ ಹೋರಿಯನ್ನು ಕೂಡಿದ ಕಡಸು, ಎಲ್ಲವೂ ಹರಾಜಿನಲ್ಲಿ ಕಡಸು ಎಂದೇ ಮಾರಾಟವಾಗುತ್ತವೆ. ಗಬ್ಬವಾದದ್ದು ಕೊನೆಯ ತಿಂಗಳುಗಳಲ್ಲಿ ತಿಂದ ಮೇವು ಕರುವಿಗೆ, ಗರ್ಭದ ನೀರಿಗೆ, ಕೆಚ್ಚಲಿಗೆ ಹೋಗುತ್ತದೆ. ಕೊಯ್ದಾಗ ತೂಕದಲ್ಲಿ ಸಿಗುವ ಮಾಂಸದ ಪಾಲು ಇಳಿಯುತ್ತದೆ. ದೊಡ್ಡಿಯಲ್ಲೇ ಈದರೆ ಚೊಚ್ಚಲ ಹೆರಿಗೆಯ ತೊಡಕು, ಕೆಸರಲ್ಲಿ ಸತ್ತ ಕರು, ಒಳಗೇ ಉಳಿದ ಮಾಸು. ಆದ್ದರಿಂದ ಬಂದ ಕೂಡಲೇ ಕೈಹಾಕಿಯೋ ಅಲ್ಟ್ರಾಸೌಂಡಿನಿಂದಲೋ ಪ್ರತಿಯೊಂದನ್ನೂ ನೋಡುವುದು ಒಳ್ಳೆಯದು. ಗಬ್ಬ ಗೊತ್ತಿಲ್ಲದೆ ಐಬಿಆರ್ ಎಂಬ ಉಸಿರಾಟದ ಕಾಯಿಲೆಗೆ ಕೊಡುವ ಜೀವಂತ ವೈರಸ್ಸಿನ ಲಸಿಕೆ ಚುಚ್ಚಿದರೂ ಕಂದು ಹಾಕುವ ಅಪಾಯವಿದೆ.

ಗಬ್ಬ ಇಳಿಸಲು ಪ್ರೊಸ್ಟಾಗ್ಲಾಂಡಿನ್ ಎಂಬ ಗುಂಪಿನ ಔಷಧ ಕೊಡುತ್ತಾರೆ. ಅದರಲ್ಲಿ ಡೈನೊಪ್ರೊಸ್ಟ್ ಆದರೆ 25 ಮಿಲಿಗ್ರಾಂ. ಮೊದಲ ನಾಲ್ಕು ತಿಂಗಳಿನೊಳಗೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ, ಏಕೆಂದರೆ ಗರ್ಭ ನಿಂತಿರುವುದು ಅಂಡಾಶಯದ ಹಳದಿ ಕಾಯ ಕೊಡುವ ಪ್ರೊಜೆಸ್ಟಿರೋನ್ ಹಾರ್ಮೋನಿನ ಮೇಲೆ, ಔಷಧ ಆ ಹಳದಿ ಕಾಯವನ್ನು ಕರಗಿಸುತ್ತದೆ. ಸುಮಾರು 150 ದಿನ ದಾಟಿದ ಮೇಲೆ ಮಾಸುವೇ ಪ್ರೊಜೆಸ್ಟಿರೋನ್ ಕೊಡಲು ಶುರು ಮಾಡುವುದರಿಂದ ಹಳದಿ ಕಾಯ ಹೋದರೂ ಗರ್ಭ ಬೀಳುವುದಿಲ್ಲ. ಆಗ ಜೊತೆಗೆ ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ 25 ಮಿಲಿಗ್ರಾಂ ಬೇಕು. ತೊಂದರೆ ಇರುವುದು ಇಲ್ಲಿಯೇ. ಡೆಕ್ಸಾಮೆಥಸೋನ್ ರೋಗನಿರೋಧಕ ಶಕ್ತಿಯನ್ನು ತಗ್ಗಿಸುತ್ತದೆ, ಕಡಸು ಉಸಿರಾಟದ ಕಾಯಿಲೆಯ ಅಂಚಿನಲ್ಲಿ ನಿಂತಿರುವುದೂ ಬಂದ ವಾರವೇ. ಕಾದರೆ ಕರು ದೊಡ್ಡದಾಗುತ್ತದೆ, ಕಾಯದಿದ್ದರೆ ನ್ಯುಮೋನಿಯ. ಎಳೆ ಗಬ್ಬಕ್ಕೆ ತಕ್ಷಣ, ಬಲಿತ ಗಬ್ಬಕ್ಕೆ ಮೇವು ಹಿಡಿದು ಎರಡು ಮೂರು ವಾರ ಆದ ಮೇಲೆ ಕೊಡುವುದು ವಾಸಿ. ತುಂಬುಗಬ್ಬವನ್ನು ತೆಗೆದು ಸಾಕುವವರಿಗೆ ಮಾರಿಬಿಡುವುದೇ ಲೇಸು. ಕೊಟ್ಟ ಮೇಲೆ ಒಂದು ವಾರ ದಿನಾ ಎರಡು ಸಲ ದೊಡ್ಡಿ ಸುತ್ತಿ, ಬಿದ್ದದ್ದನ್ನು ಕೈಗವಸು ಹಾಕಿ ಎತ್ತಬೇಕು, ಮಾಸು ಬೀಳದವನ್ನು ಗುರುತಿಸಬೇಕು. ಇನ್ನೊಂದು ಎಚ್ಚರ ಮನುಷ್ಯರ ಬಗ್ಗೆ: ಪ್ರೊಸ್ಟಾಗ್ಲಾಂಡಿನ್ ಚರ್ಮದ ಮೂಲಕವೇ ಒಳಗೆ ಹೋಗುತ್ತದೆ. ಗರ್ಭಿಣಿಯರು, ಅಸ್ತಮಾ ಇರುವವರು ಸಿರಿಂಜು ಮುಟ್ಟಲೇಬಾರದು.

ಈಗ ಮೇವು. ನೆಬ್ರಾಸ್ಕದಲ್ಲಿ ಎಥನಾಲ್ ಕಾರ್ಖಾನೆಗಳು ಹತ್ತಿರ ಇರುವುದರಿಂದ ಮೆಕ್ಕೆಜೋಳದ ಪಿಷ್ಟ ತೆಗೆದು ಉಳಿದ ಒದ್ದೆ ಗಸಿ, ಅಂದರೆ ಡಿಸ್ಟಿಲರ್ಸ್ ಗ್ರೇನ್, ಅಗ್ಗವಾಗಿ ಸಿಗುತ್ತದೆ. ಕೊನೆಯ ಹಂತದ ಒಂದು ಸಾಧಾರಣ ಮೇವನ್ನು ಒಣ ತೂಕದ ಲೆಕ್ಕದಲ್ಲಿ ಹೇಳುವುದಾದರೆ ಮೆಕ್ಕೆಜೋಳ 60 ಪಾಲು, ಗಸಿ 25, ಮೆಕ್ಕೆಜೋಳದ ರಸಮೇವು (ಸೈಲೇಜ್) 10, ಖನಿಜ ಮತ್ತು ಔಷಧದ ಮಿಶ್ರಣ 5. ಪ್ರೋಟೀನು ಶೇಕಡಾ 13.5ರ ಸುತ್ತ ಬರುತ್ತದೆ. ಟೆಕ್ಸಸ್, ಕಾನ್ಸಸ್ ಕಡೆ ಮೆಕ್ಕೆಜೋಳವನ್ನು 30ರಿಂದ 40 ನಿಮಿಷ ಹಬೆಯಲ್ಲಿ ಬೇಯಿಸಿ ರೋಲರ್ ನಡುವೆ ಒತ್ತಿ, ಲೀಟರಿಗೆ 350 ಗ್ರಾಂ ತೂಗುವ ಅವಲಕ್ಕಿ ಮಾಡುತ್ತಾರೆ. ಹೌದು, ಅವಲಕ್ಕಿಯೇ. ಹಬೆಗೆ ಪಿಷ್ಟ ಬಿರಿಯುವುದರಿಂದ ಬರೀ ಒಡೆದ ಕಾಳಿಗಿಂತ ಚೆನ್ನಾಗಿ ಅರಗುತ್ತದೆ. ಆದರೆ ತೀರಾ ತೆಳ್ಳಗಾದರೆ ಅಷ್ಟೇ ಬೇಗ ಹುಳಿಯಾಗುತ್ತದೆ.

ಒಣ ತೂಕದಿಂದ ಹಸಿ ತೂಕಕ್ಕೆ ಹೋಗುವಲ್ಲಿ ಹೆಚ್ಚು ಜನ ಎಡವುತ್ತಾರೆ. ಕಡಸೊಂದು 9 ಕಿಲೋ ಒಣ ತೂಕ ತಿನ್ನಬೇಕಾದರೆ ಗಾಡಿಯಿಂದ ಬೀಳಬೇಕಾದದ್ದು ಮೆಕ್ಕೆಜೋಳ 6.2 ಕಿಲೋ, ಗಸಿ 6.8, ರಸಮೇವು 2.6, ಮಿಶ್ರಣ ಅರ್ಧ ಕಿಲೋ. ಒಟ್ಟು 16 ಕಿಲೋ ಚಿಲ್ಲರೆ. ಇಲ್ಲಿ ರಸಮೇವಿನಲ್ಲಿ ಒಣ ಅಂಶ ಶೇಕಡಾ 35 ಎಂದು ಹಿಡಿದಿದೆ. ಮಳೆ ಬಂದು ಗುಡ್ಡೆಯ ಮುಖ ನೆನೆದು ಅದು 30ಕ್ಕೆ ಇಳಿದರೆ, ತಕ್ಕಡಿ ಅದೇ 2.6 ಕಿಲೋ ತೋರಿಸುತ್ತಿದ್ದರೂ ಹೊಟ್ಟೆಗೆ ಹೋಗುವ ರಸಮೇವು 900 ಗ್ರಾಮಿನಿಂದ 780ಕ್ಕೆ ಇಳಿದಿರುತ್ತದೆ. ಇಡೀ ಮೇವಿನಲ್ಲಿ ನಾರು ಬರುವುದೇ ಮುಖ್ಯವಾಗಿ ಆ ಹತ್ತು ಪಾಲಿನಿಂದ. ಯಾರೂ ಏನೂ ಬದಲಿಸದೆಯೇ ಮೇವು ಬಿಸಿಯೇರಿತು, ಅಂದರೆ ನಾರು ಇಳಿದು ಕಾಳಿನ ಪಾಲು ಏರಿತು. ಒದ್ದೆ ಪದಾರ್ಥಗಳನ್ನು ವಾರಕ್ಕೆ ಎರಡು ಸಲವಾದರೂ, ಮಳೆ ಬಂದ ಮರುದಿನ ತಪ್ಪದೆ, ಒಣಗಿಸಿ ತೂಗಬೇಕು.

ಗಸಿಯಲ್ಲಿ ರಂಜಕ ಜಾಸ್ತಿ, ಸುಣ್ಣ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಆದ್ದರಿಂದ ಸುಣ್ಣಕಲ್ಲಿನ ಪುಡಿ ಒಣ ತೂಕದ ಶೇಕಡಾ 1.5ರಷ್ಟು ಹಾಕಲೇಬೇಕು. ಸ್ಟಿಯರ್‌ಗಳಲ್ಲಿ ಇದು ತಪ್ಪಿದರೆ ಮೂತ್ರನಾಳದಲ್ಲಿ ಕಲ್ಲು ಸಿಕ್ಕಿ ಸಾವು. ಕಡಸಿನ ಮೂತ್ರನಾಳ ಗಿಡ್ಡ, ಅಗಲ, ಹಾಗಾಗಿ ಆ ಒಂದು ಕಾಟ ಅದಕ್ಕಿಲ್ಲ. ಗಸಿಯಲ್ಲಿ ಗಂಧಕವೂ ಇದೆ. 25 ಪಾಲಿನಲ್ಲಿ ಭಯವಿಲ್ಲ, ಅಗ್ಗ ಎಂದು 50 ಪಾಲು ಸುರಿದರೆ ಒಟ್ಟು ಗಂಧಕ ಶೇಕಡಾ 0.4ರ ಹತ್ತಿರ ಹೋಗುತ್ತದೆ. ಬಾವಿಯ ನೀರಲ್ಲೂ ಸಲ್ಫೇಟ್ ಇದ್ದರೆ ಮೆದುಳು ಮೆತ್ತಗಾಗಿ, ದನ ಕುರುಡಾಗಿ ಗೋಡೆಗೆ ತಲೆ ಒತ್ತಿ ನಿಲ್ಲುವ ಕಾಯಿಲೆ ಕಾಣಿಸುತ್ತದೆ. ನೀರನ್ನು ಪರೀಕ್ಷೆ ಮಾಡಿಸದೆ ಗಸಿಯ ಪಾಲು ನಿರ್ಧರಿಸಬಾರದು.

ಈ ಮೇವಿಗೆ ಒಂದೇ ದಿನ ಏರಿಸುವಂತಿಲ್ಲ. ನಾರಿನ ಮೇವು ಮೊದಲು 45 ಪಾಲು, ಆಮೇಲೆ 35, 25, 15, ಕೊನೆಗೆ 10. ಒಂದೊಂದು ಮೆಟ್ಟಿಲಲ್ಲಿ ಐದರಿಂದ ಏಳು ದಿನ. ಮೂರು ನಾಲ್ಕು ವಾರ ಹಿಡಿಯುವುದು ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳಿಗೆ ಒಗ್ಗಿಕೊಳ್ಳಲು. ಲ್ಯಾಕ್ಟಿಕ್ ಆಮ್ಲ ಮಾಡುವವು ಗಂಟೆಗಳಲ್ಲಿ ಹೆಚ್ಚುತ್ತವೆ, ಅದನ್ನು ತಿಂದು ಕರಗಿಸುವವು ಹೆಚ್ಚಲು ದಿನಗಳು ಬೇಕು. ಈ ನಡುವಿನ ಅಂತರದಲ್ಲೇ ಹೊಟ್ಟೆ ಹುಳಿಯಾಗುವುದು. ಪಿಎಚ್ 5.6ಕ್ಕಿಂತ ಕೆಳಗೆ ಹೋದರೆ ಸಗಣಿ ಬೂದುಬಣ್ಣಕ್ಕೆ ತಿರುಗಿ ಗುಳ್ಳೆಗುಳ್ಳೆಯಾಗುತ್ತದೆ, ಮೆಲುಕು ನಿಲ್ಲುತ್ತದೆ. 5ರ ಹತ್ತಿರ ಹೋದರೆ ದನ ಬೀಳುತ್ತದೆ. ಬದುಕಿ ಉಳಿದದ್ದರ ಹೊಟ್ಟೆಯ ಒಳಪದರ ಸುಟ್ಟಿರುತ್ತದೆ; ಅಲ್ಲಿಂದ ಫ್ಯೂಸೋಬ್ಯಾಕ್ಟೀರಿಯಂ ಎಂಬ ಬ್ಯಾಕ್ಟೀರಿಯ ರಕ್ತಕ್ಕಿಳಿದು ಯಕೃತ್ತಿನಲ್ಲಿ ಕೀವುಗಡ್ಡೆ ಕಟ್ಟುತ್ತದೆ. ಗೊರಸು ಉದ್ದವಾಗಿ ಸೊಟ್ಟಗೆ ಬೆಳೆಯುವುದೂ ಇದರ ಬಾಲವೇ. ಮೊನೆನ್ಸಿನ್ ಎಂಬ ಔಷಧವನ್ನು ಮೇವಿನಲ್ಲಿ ದಿನಕ್ಕೆ 300ರಿಂದ 400 ಮಿಲಿಗ್ರಾಂ ಕೊಟ್ಟರೆ ದನ ಸ್ವಲ್ಪ ಸ್ವಲ್ಪವೇ ಹಲವು ಸಲ ತಿನ್ನುತ್ತದೆ, ಹುಳಿಯ ಏರಿಳಿತ ಕಡಿಮೆಯಾಗುತ್ತದೆ. ಅದೇ ಮೊನೆನ್ಸಿನ್ ಕುದುರೆಗೆ ದನಕ್ಕಿಂತ ಹತ್ತು ಪಟ್ಟಾದರೂ ಹೆಚ್ಚು ವಿಷ, ಹೃದಯದ ಸ್ನಾಯು ಸಾಯುತ್ತದೆ. ಫೀಡ್‌ಲಾಟಿನಲ್ಲಿ ದೊಡ್ಡಿ ನೋಡಲು ಬರುವವರು ಕುದುರೆ ಮೇಲೆ ಬರುತ್ತಾರೆ. ಗೋದಲಿಯಲ್ಲಿ ಮಿಕ್ಕದ್ದನ್ನು ಕುದುರೆಗೆ ಹಾಕಬೇಡಿ ಎಂದು ಹೊಸಬರಿಗೆ ಮೊದಲ ದಿನವೇ ಹೇಳುವುದು ಅದಕ್ಕೆ.

ಗೋದಲಿ ಓದುವುದು ಒಂದು ವಿದ್ಯೆ. ಸೌತ್ ಡಕೋಟಾ ಸ್ಟೇಟ್ ವಿಶ್ವವಿದ್ಯಾಲಯದ ಅಂಕಪಟ್ಟಿಯನ್ನು ಹೆಚ್ಚು ಜನ ಬಳಸುತ್ತಾರೆ. ಪೂರಾ ಖಾಲಿ ಇದ್ದರೆ 0, ಅಲ್ಲಲ್ಲಿ ಚೂರು ಉಳಿದು ತಳ ಕಾಣುತ್ತಿದ್ದರೆ ಅರ್ಧ, ಒಂದು ಕಾಳಿನ ದಪ್ಪಕ್ಕೆ ತೆಳ್ಳಗೆ ಹರಡಿದ್ದರೆ 1, ಹಾಗೆಯೇ ಏರುತ್ತಾ ಮುಟ್ಟದೇ ಉಳಿದಿದ್ದರೆ 4. ಬೆಳಿಗ್ಗೆ ಮೇವು ಹಾಕುವ ಮುನ್ನ ಅರ್ಧ ಅಂಕ ಕಂಡರೆ ಸರಿ. ಸೊನ್ನೆ ಕಂಡ ಮೊದಲ ದಿನವೇ ಏರಿಸಬೇಡಿ. ಎರಡು ಮೂರು ದಿನ ಹಾಗೇ ಇದ್ದು, ದನವೂ ಎದ್ದು ಕಾಯುತ್ತಿದ್ದರೆ ತಲೆಗೆ ಕಾಲು ಕಿಲೋ ಒಣ ತೂಕ ಏರಿಸಿ, ಮತ್ತೆ ಎರಡು ಮೂರು ದಿನ ನೋಡಿ. ಹಸಿವಾಗಿದೆ ಎಂದು ಒಂದು ಕಿಲೋ ಏರಿಸಿದರೆ ಇವತ್ತು ಪೂರ್ತಿ ತಿಂದು ನಾಳೆ ಅರ್ಧ ಬಿಡುತ್ತವೆ. ಬಿಟ್ಟವು ಎಂದು ಇಳಿಸುತ್ತೀರಿ, ನಾಡಿದ್ದು ಹಸಿದು ಮುಗಿಬೀಳುತ್ತವೆ. ಈ ಉಯ್ಯಾಲೆ ಒಮ್ಮೆ ಶುರುವಾದರೆ ನಿಲ್ಲಿಸಲು ಹದಿನೈದು ದಿನ ಬೇಕು. ಮೇವಿನ ಗಾಡಿ ದಿನಾ ಒಂದೇ ಹೊತ್ತಿಗೆ ಬರಬೇಕು, 15 ನಿಮಿಷಕ್ಕಿಂತ ಹೆಚ್ಚು ಹಿಂದೆಮುಂದೆ ಆಗಬಾರದು.

ಇಷ್ಟೆಲ್ಲ ಸ್ಟಿಯರ್‌ಗೂ ಅನ್ವಯಿಸುತ್ತದೆ. ಬೆದೆ ಮಾತ್ರ ಕಡಸಿನದೇ. ಒಳ್ಳೆಯ ಮೇವಿನ ಮೇಲೆ ಕಡಸು ಬೇಗ ಪ್ರಾಯಕ್ಕೆ ಬರುತ್ತದೆ. ನೂರು ಕಡಸಿನ ದೊಡ್ಡಿಯಲ್ಲಿ ಯಾವ ದಿನ ನೋಡಿದರೂ ನಾಲ್ಕೈದು ಬೆದೆಯಲ್ಲಿರುತ್ತವೆ. ಅವು ಹತ್ತುತ್ತವೆ, ಇನ್ನೊಂದರಿಂದ ಹತ್ತಿಸಿಕೊಳ್ಳುತ್ತವೆ, ಓಡುತ್ತವೆ, ಮೇವು ಬಿಡುತ್ತವೆ. ಸೊಂಟ, ಕಾಲು ಮುರಿದುಕೊಳ್ಳುವುದೂ ಉಂಟು. ಇದಕ್ಕೆ ಉತ್ತರ ಮೇವಿನಲ್ಲಿ ಬೆರೆಸುವ ಮೆಲೆಂಜೆಸ್ಟ್ರಾಲ್ ಅಸಿಟೇಟ್ ಎಂಬ ಹಾರ್ಮೋನ್, ಎಲ್ಲರ ಬಾಯಲ್ಲಿ ಎಂಜಿಎ. ದಿನಕ್ಕೆ ತಲೆಗೆ 0.25ರಿಂದ 0.5 ಮಿಲಿಗ್ರಾಂ. ಇದು ಅಂಡ ಬಿಡಿಸುವ ಎಲ್‌ಎಚ್ ಹಾರ್ಮೋನಿನ ಉಬ್ಬರವನ್ನು ತಡೆಯುತ್ತದೆ. ಅಂಡ ಬಿಡುಗಡೆಯಾಗುವುದಿಲ್ಲ, ಆದರೆ ಅಂಡವನ್ನು ಹೊತ್ತ ಕೋಶಿಕೆ ಅಂಡಾಶಯದಲ್ಲೇ ಉಳಿದು ಈಸ್ಟ್ರೋಜನ್ ಸುರಿಸುತ್ತಿರುತ್ತದೆ. ಆ ಈಸ್ಟ್ರೋಜನ್ನೇ ಕಡಸನ್ನು ಒಳಗಿನಿಂದ ಬೆಳೆಸುತ್ತದೆ. ಗದ್ದಲ ನಿಂತದ್ದಷ್ಟೇ ಲಾಭವಲ್ಲ ಎಂದು ಇದರಿಂದ ತಿಳಿಯುತ್ತದೆ. ಗಬ್ಬವಾದ ಕಡಸಿಗೂ, ಅಂಡಾಶಯ ತೆಗೆಸಿದ ಕಡಸಿಗೂ ಎಂಜಿಎಯಿಂದ ಫಾಯಿದೆ ಇಲ್ಲ. ಗಬ್ಬ ಪರೀಕ್ಷೆ ಮೊದಲು, ಎಂಜಿಎ ಆಮೇಲೆ ಎನ್ನುವುದು ಇದಕ್ಕಾಗಿ.

ನೂರು ಕಡಸಿಗೆ ದಿನಕ್ಕೆ ಒಟ್ಟು 40 ಮಿಲಿಗ್ರಾಂ, ಅಂದರೆ ಒಂದು ಚಿಟಿಕೆಗೂ ಕಡಿಮೆ. ಅದು ಒಂದೂವರೆ ಟನ್ನಿಗೂ ಮಿಕ್ಕಿದ ಮೇವಿನಲ್ಲಿ ಸಮನಾಗಿ ಹರಡಬೇಕು. ಹಾಗಾಗಿ ಮೊದಲು ಮಿಶ್ರಣದಲ್ಲಿ ಬೆರೆಸಿ, ಆ ಮಿಶ್ರಣವನ್ನು ಗಾಡಿಗೆ ಹಾಕಿ, ಕೊನೆಯ ಪದಾರ್ಥ ಬಿದ್ದ ಮೇಲೂ ನಾಲ್ಕೈದು ನಿಮಿಷ ತಿರುಗಿಸಬೇಕು. ದೊಡ್ಡಿಯಲ್ಲಿ ಎಲ್ಲವೂ ತಣ್ಣಗಿದ್ದು ಎರಡು ಮೂರು ಮಾತ್ರ ಬೆದೆಗೆ ಬಂದರೆ ಅವು ಮೇವು ತಿನ್ನುತ್ತಿಲ್ಲ ಎಂದರ್ಥ, ಕಾಯಿಲೆ ಹುಡುಕಿ. ಇಡೀ ದೊಡ್ಡಿ ಬೆದೆಗೆ ಬಂದರೆ ಮಿಶ್ರಣದ ಗಾಡಿಯಲ್ಲಿ ತಪ್ಪಾಗಿದೆ.

ಇಂಪ್ಲಾಂಟ್ ಬಗ್ಗೆ ಸ್ವಲ್ಪದರಲ್ಲಿ ಮುಗಿಸುತ್ತೇವೆ. ದನ ಬೇಗ ಬೆಳೆಯಲೆಂದು ಕಿವಿಯ ಹಿಂಬದಿಯ ನಡುಭಾಗದಲ್ಲಿ, ಚರ್ಮ ಮತ್ತು ಮೃದ್ವಸ್ಥಿಯ ನಡುವೆ ಕೂರಿಸುವ ಹಾರ್ಮೋನ್ ಗುಳಿಗೆಗಳು ಇವು. ಕಡಸಿಗೆ ಬರುವಾಗ ಸೌಮ್ಯವಾದದ್ದು, ಅಂದರೆ 80 ಮಿಲಿಗ್ರಾಂ ಟ್ರೆನ್‌ಬೊಲೋನ್, 8 ಮಿಲಿಗ್ರಾಂ ಈಸ್ಟ್ರಡಯೋಲ್; ಮಾರಾಟಕ್ಕೆ ನೂರು ದಿನದ ಆಸುಪಾಸು ಇರುವಾಗ 140 ಮತ್ತು 14. ಸಗಣಿ ಹತ್ತಿದ ಕಿವಿಗೆ ಚುಚ್ಚಿದರೆ ಕೀವಾಗಿ ಗುಳಿಗೆ ಹೊರಬೀಳುತ್ತದೆ. ಗುಳಿಗೆ ಪುಡಿಯಾದರೆ ಔಷಧ ಒಮ್ಮೆಲೇ ಹರಿದು ಹತ್ತಾಟ ಶುರುವಾಗುತ್ತದೆ, ಯೋನಿ ಹೊರಕ್ಕೆ ಬರುವುದೂ ಉಂಟು. ಹಾರ್ಮೋನ್ ಕೊಟ್ಟ ದನದ ಮಾಂಸವನ್ನು ಯುರೋಪು 1989ರಿಂದ ಒಳಗೆ ಬಿಡುವುದಿಲ್ಲ. ಆ ಮಾರುಕಟ್ಟೆಗೆ ಬೆಳೆಸುವವರು ಎಂಜಿಎಯನ್ನೂ ಮುಟ್ಟುವಂತಿಲ್ಲ. ಅಂಡಾಶಯ ತೆಗೆಸುವುದೋ ಬೆದೆಯ ಗದ್ದಲ ಸಹಿಸುವುದೋ ಅವರ ಆಯ್ಕೆ.

ಬೇಸಿಗೆಯಲ್ಲಿ, ಮಾರಾಟಕ್ಕೆ ಮುಂಚಿನ ಕೊನೆಯ ದಿನಗಳು ಕಡಸಿಗೆ ಕಷ್ಟ. ಕೊಬ್ಬಿದ ಮೈ, ಕಪ್ಪು ಚರ್ಮ, ಒಳಗೆ ಕಾಳು ಹುಳಿಯುವ ಶಾಖ. 2022ರ ಜೂನಿನಲ್ಲಿ ಕಾನ್ಸಸ್ಸಿನ ನೈಋತ್ಯ ಭಾಗದಲ್ಲಿ ಕೆಲವೇ ದಿನಗಳಲ್ಲಿ ಕಡೇಪಕ್ಷ 2,000 ದನ ಸತ್ತವು. ಬಿಸಿಲಿನ ಜೊತೆಗೆ ತೇವ ಏರಿ, ಗಾಳಿ ಬಿದ್ದು, ರಾತ್ರಿಯೂ ತಂಪಾಗದೇ ಹೋದದ್ದು ಕಾರಣ. ಇಂಥ ಮುನ್ಸೂಚನೆ ಬಂದರೆ ಮೇವಿನ ಮೂರರಲ್ಲಿ ಎರಡು ಪಾಲನ್ನು ಸಂಜೆಗೆ ತಳ್ಳಿ, ನೀರಿನ ತೊಟ್ಟಿ ಹೆಚ್ಚಿಸಿ, ದನವನ್ನು ಮಧ್ಯಾಹ್ನ ಓಡಿಸಬೇಡಿ. ನೀರು ಚಿಮುಕಿಸುವುದಾದರೆ ದಪ್ಪ ಹನಿಯಲ್ಲಿ, ಚರ್ಮ ತೊಯ್ಯುವ ಹಾಗೆ. ಮಂಜಿನಂತೆ ಸಿಂಪಡಿಸಿದರೆ ತೇವವಷ್ಟೇ ಏರುತ್ತದೆ. ಇದೇ ಕಾಲದಲ್ಲಿ, ಮಾರಾಟಕ್ಕೆ ಹತ್ತಿರವಾದ ಕಡಸು ಬಾಯಿ ತೆರೆದು, ಕತ್ತು ಚಾಚಿ ಏದುಸಿರು ಬಿಟ್ಟು ಗಂಟೆಗಳಲ್ಲಿ ಸಾಯುವ ಎಐಪಿ ಎಂಬ ಶ್ವಾಸಕೋಶದ ಕಾಯಿಲೆಯೂ ಇದೆ. ಅದು ಸ್ಟಿಯರ್‌ಗಿಂತ ಕಡಸಿನಲ್ಲೇ ಹೆಚ್ಚು, ಔಷಧಕ್ಕೆ ಬಗ್ಗುವುದಿಲ್ಲ. ಹಿಡಿದು ಓಣಿಗೆ ಓಡಿಸಿದರೆ ದಾರಿಯಲ್ಲೇ ಬೀಳುತ್ತದೆ.

ಇನ್ನು ಲಾರಿ. ಬೆದೆಯಲ್ಲಿ ಹತ್ತಾಡಿ ದಣಿದ ಕಡಸಿನ ಸ್ನಾಯುವಿನಲ್ಲಿ ಗ್ಲೈಕೋಜನ್, ಅಂದರೆ ಕೂಡಿಟ್ಟ ಸಕ್ಕರೆ, ಮುಗಿದಿರುತ್ತದೆ. ಕೊಯ್ದ ಮೇಲೆ ಮಾಂಸ ಹುಳಿಗೆ ತಿರುಗದೆ ಪಿಎಚ್ 6ರ ಹತ್ತಿರ ನಿಂತು, ಬಣ್ಣ ಕಪ್ಪಾಗಿ, ಕೈಗೆ ಅಂಟುತ್ತದೆ. ಕಸಾಯಿಖಾನೆಯಲ್ಲಿ ಇದಕ್ಕೆ ಭಾರಿ ಕಡಿತ. ಎಂಜಿಎ ನಿಲ್ಲಿಸಿದ ಎರಡರಿಂದ ಏಳು ದಿನದೊಳಗೆ ದೊಡ್ಡಿಗೆ ದೊಡ್ಡಿಯೇ ಬೆದೆಗೆ ಬರುತ್ತದೆ. ಸೋಮವಾರ ಲಾರಿ ಬರುತ್ತದೆ ಎಂದು ಶನಿವಾರವೇ ಔಷಧದ ಮಿಶ್ರಣ ತೆಗೆದು, ಲಾರಿ ಬುಧವಾರಕ್ಕೆ ಹೋದರೆ ಆರು ತಿಂಗಳ ಲೆಕ್ಕ ಕೆಡುತ್ತದೆ. ಹತ್ತಿಸುವ ದಿನ ಬೆಳಿಗ್ಗೆಯ ಮೇವಿನಲ್ಲೂ ಎಂಜಿಎ ಇರಲಿ. ಬೇರೆ ದೊಡ್ಡಿಯ ಕಡಸುಗಳನ್ನು ಅದೇ ಲಾರಿಗೆ ಬೆರೆಸಬೇಡಿ. ಹಿಂದಿನ ರಾತ್ರಿ ನೀರು ತಡೆಯಬೇಡಿ.